ಮೇಲಿನ ಹಲ್ಲು

ಬೆಳಿಗ್ಗೆ ಮಗಳಿಗೆ ಗಂಜಿ ತಿನ್ನಿಸುವಾಗ ಚಮಚ ಏನಕ್ಕೋ ತಾಗಿ ಟಿಣ್ ಎಂದಿತು. ಹಲ್ಲು! ಖುಷಿಯಿಂದ ಕೆಳಗಿನ ವಸಡಿನ ಮೇಲೆ ಬೆರಳಾಡಿಸಿದೆ. ನುಣ್ಣಗಿತ್ತು. ಮೇಲಿನ ತುಟಿ ಎತ್ತಿದೆ. ಅಲ್ಲಿ ಅಕ್ಕಿ ನುಚ್ಚಿನಷ್ಟು ಬಿಳುಪು ಕಂಡಿತು. ಕೂಡಲೇ ಅತ್ತೆಯನ್ನು ಕೂಗಿದೆ.

ಮೇಲಿನ ಹಲ್ಲು ಮೊದಲು ಬಂದರೆ ಸೋದರಮಾವನಿಗೆ ಕೇಡು ಎನ್ನುತ್ತಾರೆ ನಮ್ಮ ಕಡೆ. ನನಗಿರುವವನು ಒಬ್ಬನೇ ತಮ್ಮ. ಟ್ರ್ಯಾಕ್ಟರಿನಲ್ಲಿ ಕಾರ್ಖಾನೆಗೆ ಕಬ್ಬು ಸಾಗಿಸುವುದು ಅವನ ಕೆಲಸ. ಕಬ್ಬಿನ ಹಂಗಾಮು ಶುರುವಾದರೆ ತುಂಬಿದ ಎರಡು ಟ್ರೇಲರ್ ಎಳೆದುಕೊಂಡು ರಾಯಬಾಗ, ಕಾಗವಾಡ ಎಂದು ರಸ್ತೆಯ ಮೇಲೇ ಅವನ ಸಂಸಾರ. ಆಗ ಹಂಗಾಮು ಜೋರಾಗಿತ್ತು.

ಅತ್ತೆ ರೊಟ್ಟಿ ಬಡಿಯುವುದು ಬಿಟ್ಟು ಬಂದು ಮಗುವಿನ ಬಾಯಿ ನೋಡಿದರು. ನೋಡಿದವರೇ ಅಲ್ಲೇ ಕುಕ್ಕರಿಸಿದರು.

“ಮ್ಯಾಲಿಂದ ಮೊದಲ ಬಂತಲ್ಲ ಯವ್ವಾ! ನಿನ್ನ ತಮ್ಮ ಬೆಳ್ಳಿ ಬಟ್ಟಲಾ ತಂದು, ತನ್ನ ಕೈಲೆ ಕೂಸಿಗೆ ಹಾಲ ಕುಡಸ್ಬೇಕ ನೋಡು. ಅಲ್ಲೀತನಾ ಅಂವಾ ಆ ಹಲ್ಲ ನೋಡೂಹಂಗಿಲ್ಲ.”

“ಅವೆಲ್ಲಾ ಸುಳ್ಳ ಬಿಡ್ರಿ ಅತ್ತಿ,” ಎಂದೆ. ನಾನು ಶಾಲೆಯಲ್ಲಿ ಪಾಠ ಹೇಳುವವಳು, ಹಾಗೆ ಅನ್ನದಿದ್ದರೆ ಹೇಗೆ? ಅಂದವಳೇ ತವರಿಗೆ ಫೋನು ಹಚ್ಚಿದೆ. ಸುದ್ದಿ ಕೇಳಿದ್ದೇ ಅವ್ವ ಫೋನು ಇಟ್ಟುಬಿಟ್ಟಳು.

ಏಕಸಂಬಿಯಿಂದ ಬಸ್ಸು ಹಿಡಿದು ಚಿಕ್ಕೋಡಿಯ ಶಾಲೆಗೆ ಹೋದೆ. ದಾರಿಯುದ್ದಕ್ಕೂ ಎದುರಿಗೆ ಬರುತ್ತಿದ್ದ ಕಬ್ಬಿನ ಟ್ರ್ಯಾಕ್ಟರುಗಳು, ಹಾಡು ಹಚ್ಚಿಕೊಂಡು, ಓಲಾಡುತ್ತ. ಪ್ರತಿ ಚಾಲಕನ ಮುಖವನ್ನೂ ನೋಡಿದೆ. ಯಾರೂ ನನ್ನ ತಮ್ಮನಲ್ಲ.

ನನ್ನ ಗ್ರಹಚಾರಕ್ಕೆ ಅವತ್ತು ಸಮಾನಾರ್ಥಕ ಪದಗಳ ಪಾಠ, ಅದರಲ್ಲೂ ‘ಮೊಳೆ’ ಎಂಬ ಕ್ರಿಯಾಪದ. ಚಿಗುರು, ಅಂಕುರಿಸು, ಕುಡಿಯೊಡೆ ಎಂದು ಬೋರ್ಡಿನ ಮೇಲೆ ಬರೆದು, ಮನೆಯಲ್ಲಿ ನೀವು ಏನನ್ನುತ್ತೀರಿ ಎಂದು ಕೇಳಿದೆ. ಪುಸ್ತಕ ನಾಲ್ಕು ಮಾತು ಕೊಟ್ಟರೆ ನಮ್ಮ ಹೊಲಗಳು ಬುಟ್ಟಿ ತುಂಬ ಕೊಡುತ್ತವೆ.

“ಶೇಂಗಾ ನಾಟ್ಯಾವ್ರಿ.”

“ಕಬ್ಬಿನ ಕಣ್ಣ ಒಡದಾವ್ರಿ.”

“ಬೇವಿನ ಗಿಡ ಚಿಗತೈತ್ರಿ.”

“ನಮ್ಮಣ್ಣಗ ಮೀಸಿ ಮೂಡ್ಯಾವ್ರಿ.”

ಬಿತ್ತಿದ್ದು ನಾಟುತ್ತದೆ, ಬೋಳಾದ ಟೊಂಗೆ ಚಿಗಿಯುತ್ತದೆ, ಮುಖದ ಮೇಲಿನದು ಮೂಡುತ್ತದೆ ಎಂದು ಬಿಡಿಸಿ ಹೇಳುತ್ತಿದ್ದಾಗ ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, “ನಮ್ಮ ತಂಗಿಗೆ ಹಲ್ಲು ಮೊಳೆತಿವೆ, ಟೀಚರ್,” ಎಂದಳು. ವಾಕ್ಯ ಚೊಕ್ಕವಾಗಿತ್ತು. ಭೇಷ್ ಎನ್ನಬೇಕಾದವಳು, “ಮ್ಯಾಲಿನವೋ, ಕೆಳಗಿನವೋ?” ಎಂದುಬಿಟ್ಟೆ.

ಇಡೀ ವರ್ಗ ಗೊಳ್ಳೆಂದು ನಕ್ಕಿತು. ಆ ಹುಡುಗಿ ಮಾತ್ರ ನಗಲಿಲ್ಲ.

“ಕೆಳಗಿನವ್ರಿ ಟೀಚರ್. ನಮ್ಮ ಮಾಮಾ ಆರಾಮ ಅದಾನ್ರಿ.”

ಊಟದ ಬಿಡುವಿನಲ್ಲಿ ತಮ್ಮನಿಗೆ ಫೋನು ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದೆ, ಎತ್ತಲಿಲ್ಲ. ಗಾಡಿ ಓಡಿಸುವವನಿಗೆ ಮೇಲಿಂದ ಮೇಲೆ ಫೋನು ಮಾಡಿ ನಾನೇ ಅನಾಹುತ ಮಾಡಿಟ್ಟರೆ ಎಂದು ಇನ್ನೊಂದು ಭಯ ಹುಟ್ಟಿತು. ಊಟದ ಡಬ್ಬಿ ಮುಚ್ಚಿಟ್ಟೆ. ಇದ್ದೊಬ್ಬ ತಮ್ಮನನ್ನು ಕಳೆದುಕೊಳ್ಳುತ್ತೇನೆ ಎಂದು ಅವತ್ತು ನಾನು ನಿಜವಾಗಿ ನಂಬಿದ್ದೆ. ಓದಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗಿತ್ತು.

ಮನೆಗೆ ಬಂದವಳು ಫೋನು ಹಿಡಿದು ಪಡಸಾಲೆಯಲ್ಲೇ ಕೂತೆ. ಮಗು ಅತ್ತೆಯ ತೊಡೆಯ ಮೇಲಿತ್ತು. ದೀಪ ಹಚ್ಚುವ ಹೊತ್ತಿಗೆ ಹೊರಗಿನಿಂದ ದನಿ ಬಂತು.

“ಅಕ್ಕಾ, ಕೂಸಿನ ಬಾಯಿ ಮುಚ್ಚು. ಒಳಗ ಬರ್ತೀನಿ.”

ತಮ್ಮ! ಗಾಡಿಯನ್ನು ಬೇರೆಯವನಿಗೆ ಒಪ್ಪಿಸಿ ಬಸ್ಸಿನಲ್ಲಿ ಬಂದಿದ್ದ. ಕೈಯಲ್ಲಿ ಹೊಸ ಬೆಳ್ಳಿ ಬಟ್ಟಲಿತ್ತು. ನನಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂದವು.

“ಫೋನ್ ಯಾಕ ಎತ್ತಲಿಲ್ಲೋ ಭಾಡ್ಯಾ?”

“ಅವ್ವ ಎಲ್ಲಾ ಹೇಳಿದ್ಲು. ನೀ ಅಳತೀ ಅಂತ ಎತ್ತಲಿಲ್ಲ.”

ಮುಖ ಗೋಡೆಯ ಕಡೆ ತಿರುಗಿಸಿಕೊಂಡೇ ಅವನು ಬಟ್ಟಲನ್ನು ಮುಂದೆ ಹಿಡಿದ. ಅತ್ತೆ ಅದಕ್ಕೆ ಹಾಲು ಸುರಿದು ಅವನ ಕೈಯನ್ನು ಮಗುವಿನ ಬಾಯಿಗೆ ತಂದರು. ಆಗಲೂ ಅವನು ಈ ಕಡೆ ನೋಡದೆ ಹಾಲು ಅರ್ಧ ಮಗುವಿನ ಅಂಗಿಯ ಮೇಲೆ ಚೆಲ್ಲಿತು.

“ಇಷ್ಟ ಹೆದರ್ಯಾನ ಪಾಪ,” ಎಂದರು ಅತ್ತೆ.

“ನನ್ನ ಸಲುವಾಗಿ ಅಲ್ರೀ ಅತ್ತಿ.” ಅವನು ಈಗ ತಿರುಗಿ ಮಗುವನ್ನು ನೋಡಿದ. “ದಿನಾ ಆ ರಸ್ತಾದಾಗ ಇರಾಂವ ನಾ. ನಾಳಿ ಟ್ರೇಲರ್ ಪಲ್ಟಿ ಆಗಿ ನನಗೇನರ ಆದ್ರ, ಎಲ್ಲಾರೂ ಇಕೀ ಹಲ್ಲಿನ ಮ್ಯಾಲ ಹಾಕ್ತೀರಿ. ಸಾಯೂತನಾ ಮಾವನ್ನ ತಿಂದಾಕಿ ಅನ್ನಿಸ್ಕೋತೈತಿ ಈ ಕೂಸು. ಈಗ ಹಾಲ ಕುಡಿಸೇನಿ. ಇನ್ನ ಯಾರೂ ಏನೂ ಅನ್ನೂಹಂಗಿಲ್ಲ.”

ಅತ್ತೆ ಸೆರಗಿನಿಂದ ಮಗುವಿನ ಅಂಗಿ ಒರೆಸಿದರು. ಮಗು ನನ್ನ ಕಡೆ ಎರಡೂ ಕೈ ಚಾಚಿತು. ಆ ಹಲ್ಲು ಕಂಡಾಗಿನಿಂದ ಅವಳನ್ನು ನಾನು ಒಮ್ಮೆಯೂ ಎತ್ತಿಕೊಂಡಿರಲಿಲ್ಲ.