ಸಂದಿಲ್ಲದ ಸೌದೆ ಅಟ್ಟಿ

ಆಕೆಯನ್ನು ಊರೆಲ್ಲ ಸೌದೆಯಕ್ಕ ಎಂದೇ ಕರೆಯುತ್ತಿತ್ತು. ಗಂಡ ತೀರಿಕೊಂಡ ಮೇಲೆ ಹನ್ನೆರಡು ವರ್ಷ ಸೌದೆ ಡಿಪೋ ನಡೆಸಿದವಳು ಅವಳೇ. ಸೀಳುವುದಕ್ಕೆ ಇಬ್ಬರು ಆಳುಗಳಿದ್ದರು. ಅಟ್ಟಿ ಜೋಡಿಸುವ ಕೆಲಸವನ್ನು ಮಾತ್ರ ಯಾರ ಕೈಗೂ ಬಿಡುತ್ತಿರಲಿಲ್ಲ. ಅಲ್ಲಿ ಸೌದೆಗೆ ತಕ್ಕಡಿಯಿಲ್ಲ. ನಾಲ್ಕಡಿ ಎತ್ತರ, ನಾಲ್ಕಡಿ ಅಗಲದ ಕಬ್ಬಿಣದ ಚೌಕಟ್ಟು ತುಂಬಿದರೆ ಒಂದು ಅಳತೆ. ಬೇರೆಯವರು ಡೊಂಕು ಕೊಂಬೆಗಳನ್ನು ಅಡ್ಡಾದಿಡ್ಡಿ ಒಡ್ಡಿ ಗಾಳಿಯನ್ನೂ ಮಾರುತ್ತಿದ್ದರು. ಇವಳು ಉಬ್ಬಿಗೆ ತಗ್ಗು ಹುಡುಕಿ ಕೂರಿಸಿ, ಉಳಿದ ಸಂದಿಗೆ ಸಿಗುರು ತುರುಕುವಳು.

"ಹೀಗೆ ತುಂಬಿದ್ರೆ ನಮಗೇನು ಉಳಿಯುತ್ತೆ?" ಎಂದು ಅತ್ತೆ ಗೊಣಗಿದರೆ, "ಗಿರಾಕಿ ಉಳೀತಾರೆ, ಅತ್ತೆ" ಎನ್ನುವಳು.

ಹಾಗೆ ಉಳಿದವರಲ್ಲಿ ಬೇಕರಿಯವನೊಬ್ಬ. ಹೆಂಡತಿಯನ್ನು ಕಳೆದುಕೊಂಡವನು, ಐವತ್ತರ ಆಸುಪಾಸು, ಹುಬ್ಬಿನ ಮೇಲೂ ಮೈದಾಹಿಟ್ಟು. ಮೊದಮೊದಲು ತಿಂಗಳಿಗೊಂದು ಅಳತೆ ಒಯ್ಯುತ್ತಿದ್ದವನು ಈಚೆಗೆ ವಾರಕ್ಕೊಮ್ಮೆ ಹಾಜರಾಗತೊಡಗಿದ. ಅವಳು ಜೋಡಿಸುತ್ತಿದ್ದರೆ ಪಕ್ಕದಲ್ಲಿ ನಿಂತು ಒಂದೊಂದೇ ತುಂಡು ಎತ್ತಿಕೊಡುವನು.

"ವ್ಯಾಪಾರ ಜೋರಾ?"

"ಜೋರು, ಜೋರು" ಎನ್ನುತ್ತ ಕಿವಿ ಕೆಂಪಗೆ ಮಾಡಿಕೊಳ್ಳುವನು.

ಒಂದು ವಾರ ಅವನು ಬರಲಿಲ್ಲ. ಗಾಡಿಯ ಚಕ್ರ ಮುರಿದಿದೆಯಂತೆ. ಪಾಪ, ಒಲೆ ಆರೀತು ಎಂದುಕೊಂಡು ಅವಳೇ ತನ್ನ ಗಾಡಿಗೆ ಸೌದೆ ಹೇರಿ, ಅತ್ತೆಯನ್ನೂ ಕೂರಿಸಿಕೊಂಡು ಹೊರಟಳು. ಬೇಕರಿಯ ಹಿತ್ತಿಲ ಬಾಗಿಲು ತೆಗೆದರೆ ಕಾಲಿಡಲು ಜಾಗವಿಲ್ಲ! ಮೆಟ್ಟಿಲ ಕೆಳಗೆ ಸೌದೆ, ಮಂಚದಡಿ ಸೌದೆ, ಹಿಟ್ಟಿನ ಮೂಟೆಗಳ ನಡುವೆ ಸೌದೆ. ಒಂದು ಅಟ್ಟಿಯಂತೂ ಕುಡಿದವನಂತೆ ಕಿಟಕಿಗೆ ಒರಗಿತ್ತು.

"ಇದನ್ನೆಲ್ಲ ಸುಡೋಕೆ ಎರಡು ವರ್ಷ ಬೇಕು. ಮತ್ತೆ ಮತ್ತೆ ಯಾಕೆ ತಗೊಂಡ್ರಿ?"

ಬೇಕರಿಯವನು ಹಿಟ್ಟಿನ ಕೈಯನ್ನು ಪಂಚೆಗೆ ಒರೆಸಿದ. "ನೀವು ತುಂಬಾ ಬಿಗಿಯಾಗಿ ತುಂಬ್ತೀರಿ. ಖಾಲಿಯೇ ಆಗಲ್ಲ. ಖಾಲಿಯಾಗ್ಲಿ ಅಂತ ಕಾಯ್ತಾ ಕೂತ್ರೆ ನಿಮ್ಮನ್ನ ನೋಡೋದು ಯಾವಾಗ?"

ಅತ್ತೆ ಮೂಟೆಯ ಮೇಲೆ ಕುಕ್ಕರಿಸಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಯ್ಯೋ ಮಹರಾಯ, ಒಂದು ಮಾತು ಆಡಲಾರದೆ ಇಡೀ ಕಾಡನ್ನೇ ಕೊಂಡುಬಿಟ್ಟೆಯಲ್ಲೋ!"

ಸೌದೆಯಕ್ಕನ ಮುಖ ಒಲೆಯ ಮುಂದೆ ನಿಂತಂತೆ ಬಿಸಿಯಾಯಿತು. ಅದನ್ನು ಮರೆಸಲು ಒರಗಿದ ಅಟ್ಟಿಯನ್ನು ಬಿಚ್ಚಿ ಮತ್ತೆ ಜೋಡಿಸತೊಡಗಿದಳು. ಅವನು ಬಂದು ತುಂಡು ಎತ್ತಿಕೊಟ್ಟ. ಅವಳು ಬೇಡವೆನ್ನಲಿಲ್ಲ.

ವಾಪಸು ಬರುವಾಗ ದಾರಿಯಲ್ಲಿ ಅತ್ತೆಯೇ ಮಾತು ತೆಗೆದಳು. "ಒಪ್ಕೊಳ್ಳೇ. ಒಳ್ಳೆ ಮನುಷ್ಯ."

"ನಿಮ್ಮನ್ನ ಒಂಟಿಯಾಗಿ ಬಿಟ್ಟಾ?"

"ಬಿಟ್ಟು ಹೋಗು ಅಂದೋರ್ಯಾರು? ಸೂಜಿಯ ಹಿಂದೆ ದಾರ, ಸೊಸೆಯ ಹಿಂದೆ ಅತ್ತೆ. ಈ ವಯಸ್ಸಲ್ಲಿ ನನಗೂ ಬಿಸಿ ಬನ್ನು ಬೇಡ್ವಾ?"

ಎರಡು ತಿಂಗಳಲ್ಲಿ ಮದುವೆಯಾಯಿತು. ಸೌದೆಯಕ್ಕ ಡಿಪೋ ಬಿಡಲಿಲ್ಲ. ಬೆಳಿಗ್ಗೆ ಅಲ್ಲಿ, ಸಂಜೆ ಬೇಕರಿಯಲ್ಲಿ. ಅತ್ತೆ ಬೇಕರಿಯ ಗಲ್ಲಾಪೆಟ್ಟಿಗೆಯ ಹಿಂದೆ ಕುರ್ಚಿ ಹಾಕಿಸಿಕೊಂಡು, ಬಂದ ಗಿರಾಕಿಗೆಲ್ಲ ಬ್ರೆಡ್ಡಿನ ಜೊತೆ ಈ ಕಥೆಯನ್ನೂ ಕಟ್ಟಿಕೊಡುತ್ತಿದ್ದಳು. "ಅಳಿಯಾ, ಬನ್ನು ಸೀದೀತು!" ಎಂದು ನಡುನಡುವೆ ಒಳಗೆ ಕೂಗುತ್ತಿದ್ದಳು. ಸೊಸೆಯ ಗಂಡನನ್ನು ಅಳಿಯ ಎನ್ನಬಹುದೇ ಎಂದು ಯಾರೋ ಕೇಳಿದ್ದಕ್ಕೆ, "ಮತ್ತೇನು ಅನ್ಲಿ? ನೀನೇ ಒಂದು ಹೆಸರಿಡು" ಎಂದಳಂತೆ.