ಹೇಳದೆ ಕೇಳದೆ ಮಿಡಿಯುವ ಕೋಶಗಳು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಪರೇಷನ್ ಥಿಯೇಟರಿನಿಂದ ಮಂಜುಗಡ್ಡೆಯ ಡಬ್ಬಿಯೊಂದನ್ನು ಎದೆಗವಚಿಕೊಂಡು ಹೊರಬರುವ ಹೆಂಗಸು ಲಿಫ್ಟಿಗೂ ಕಾಯದೆ ದಡದಡ ಮೆಟ್ಟಿಲಿಳಿಯುತ್ತಾರೆ. ಡಬ್ಬಿಯಲ್ಲಿರುವುದು, ಹೊಸ ಹೃದಯ ಕೂರಿಸಲೆಂದು ಈಗಷ್ಟೇ ತೆಗೆದ ಹಳೆಯ ಹೃದಯದ ತುಂಡು. ನೆಲಮಾಳಿಗೆಯ ಪ್ರಯೋಗಾಲಯ ಸೇರುವುದು ತಡವಾದರೆ ಅದು ಬರೀ ಮಾಂಸ.

ಪ್ರಯೋಗಾಲಯದವರಿಗೆ ಇವರು ‘ಹೃದಯದಕ್ಕ’. ಮೊದಲು ಇಲ್ಲೇ ಗಾಜಿನ ಸಾಮಾನು ತೊಳೆಯುತ್ತಿದ್ದವರು. ಈಗ ಹೃದಯದ ತುಂಡಿನ ರಕ್ತನಾಳಕ್ಕೆ ಸಣ್ಣ ಕೊಳವೆ ಸಿಕ್ಕಿಸಿ, ಅಂಟು ಕರಗಿಸುವ, ಮೈಬಿಸಿಯಷ್ಟೇ ಬೆಚ್ಚಗಿನ ದ್ರಾವಣ ಹರಿಸಿ, ಅಂಟಿಕೊಂಡ ಜೀವಕೋಶಗಳನ್ನು ಸಂಶೋಧನೆಗೆಂದು ಬಿಡಿಬಿಡಿಯಾಗಿ, ಜೀವಂತವಾಗಿ ಬಿಡಿಸುತ್ತಾರೆ. ಹೊತ್ತು ಹೆಚ್ಚಾದರೆ ಎಲ್ಲ ಲೋಳೆ, ಕಡಿಮೆಯಾದರೆ ಒಂದೂ ಬಿಡುವುದಿಲ್ಲ. ನೂರಕ್ಕೆ ಹತ್ತು ಉಳಿದರೂ ಅವತ್ತು ಹಬ್ಬ. “ಮನೆಗೆ ಹೋದ್ರೆ ಯಜಮಾನ್ರು, ಇವತ್ತು ಯಾರ ಹೃದಯ ಕದ್ದೆ ಅಂತಾರೆ,” ಎಂದು ನಗುತ್ತಾರೆ.

ಪ್ರತಿ ಕೋಶದ ಗೋಡೆಯಲ್ಲೂ ಲವಣದ ಕಣಗಳು ಹೋಗಿಬರುವ ಬಾಗಿಲುಗಳಿವೆ. ಅವು ಹೊತ್ತಿಗೆ ಸರಿಯಾಗಿ ತೆರೆದು ಮುಚ್ಚಿದರೇ ಬಡಿತ. ಸೋತ ಹೃದಯದಲ್ಲಿ ಪೊಟ್ಯಾಸಿಯಂ ಬಾಗಿಲುಗಳು ಕಡಿಮೆಯಾಗುತ್ತವೆ, ಸೋಡಿಯಂ ಬಾಗಿಲು ಪೂರ್ತಿ ಮುಚ್ಚಿಕೊಳ್ಳುವುದಿಲ್ಲ, ಒಳಗೆ ಕೂಡಿಟ್ಟ ಕ್ಯಾಲ್ಸಿಯಂ ಸೋರುತ್ತದೆ. “ಕಾಯಿಲೆ ಬಂದಿದ್ದಕ್ಕೆ ಬಾಗಿಲು ಕೆಟ್ವೋ, ಬಾಗಿಲು ಕೆಟ್ಟಿದ್ದಕ್ಕೆ ಕಾಯಿಲೆ ಬಂತೋ? ಇಲ್ಲಾ, ಹೇಗಾದ್ರೂ ಬದುಕ್ಬೇಕು ಅಂತ ಕೋಶಾನೇ ಹಂಗೆ ಮಾಡ್ಕೊಂತೋ? ಡಾಕ್ಟ್ರು ಮೂರಕ್ಕೂ ತಲೆ ಆಡಿಸ್ತಾರೆ. ನಂಗಂತೂ ಗೊಂದಲ,” ಎನ್ನುತ್ತಾರೆ ಹೃದಯದಕ್ಕ.

ಆ ಗೊಂದಲ ಎದುರಿಗೇ ಬಂದು ನಿಲ್ಲುವುದು ಒಂದು ಬೆಳಗ್ಗೆ. ಡಬ್ಬಿಯ ಬೆನ್ನು ಹತ್ತಿ ರೋಗಿಯ ಹೆಂಡತಿಯೇ ಕೆಳಗೆ ಬಂದುಬಿಡುತ್ತಾರೆ.

“ಅದು ನಮ್ಮನೆಯವ್ರದ್ದು ಅಲ್ವಾ? ನಾನು ಮೇಲೆ ಕೂರ್ಬೇಕಾ, ಇಲ್ಲಿ ಕೂರ್ಬೇಕಾ, ಒಂದೂ ತಿಳೀತಿಲ್ಲ.”

ಹೊರಗಿನವರನ್ನು ಬಿಡುವಂತಿಲ್ಲ. ಆದರೆ ದ್ರಾವಣ ಹರಿಯುತ್ತಿದೆ, ಕೈ ತೆಗೆಯುವಂತಿಲ್ಲ. ಹೃದಯದಕ್ಕ ಗಲ್ಲದಲ್ಲೇ ಸ್ಟೂಲು ತೋರಿಸುತ್ತಾರೆ. ಕೆಲಸ ಮುಗಿದಾಗ, ಎದ್ದು ಹೋಗಿ ಎನ್ನಲು ಮನಸ್ಸು ಬಾರದೆ, ಸೂಕ್ಷ್ಮದರ್ಶಕದ ಮುಂದೆ ಕೂರಿಸುತ್ತಾರೆ. ಕಡ್ಡಿಯಂಥ ಕೋಶವೊಂದು ಥಟ್ಟನೆ ಕುಗ್ಗಿ ಹಿಗ್ಗುತ್ತದೆ. ಮತ್ತೊಮ್ಮೆ.

“ಅಯ್ಯೋ, ಬದುಕಿದೆ! ಹಂಗಾದ್ರೆ ಮೇಲೆ ಅವ್ರ ಎದೇಲಿ ಬಡ್ಕೋತಿರೋದು ಯಾರ್ದು?”

ಹೃದಯದಕ್ಕನಿಗೆ ಗೊತ್ತು: ಆರೋಗ್ಯವಾಗಿರುವ ಕೋಶ ವಿದ್ಯುತ್ತು ತಾಕಿಸುವತನಕ ತೆಪ್ಪಗೆ ಮಲಗಿರುತ್ತದೆ. ಹೀಗೆ ಹೇಳದೆ ಕೇಳದೆ ಮಿಡಿಯುವುದು ಕ್ಯಾಲ್ಸಿಯಂ ಸೋರುವ ಕೋಶ. ಆಕೆ ಜೀವವೆಂದು ಹಿಗ್ಗುತ್ತಿರುವುದು ಗಂಡನ ಕಾಯಿಲೆಯನ್ನೇ ನೋಡಿ.

“ಹೌದಮ್ಮಾ, ಬದುಕಿದೆ,” ಎಂದುಬಿಡುತ್ತಾರೆ.

“ಸುಳ್ಳೇನಲ್ಲ. ನಿಜಾನೂ ಪೂರ್ತಿ ಹೇಳ್ಲಿಲ್ಲ. ಮಾಡಿದ್ದು ಸರೀನಾ? ಇವತ್ತಿಗೂ ಗೊತ್ತಿಲ್ಲ,” ಎನ್ನುತ್ತಾರೆ ಈಗ.

ಕೆಲವು ವಾರಗಳ ಮೇಲೆ ಗಂಡ ಹೆಂಡತಿ ಇಬ್ಬರೂ ಪ್ರಯೋಗಾಲಯದ ಬಾಗಿಲಿಗೆ ಬರುತ್ತಾರೆ. ಆತ ಮಾಸ್ಕಿನೊಳಗಿಂದಲೇ ಮೆಲ್ಲಗೆ ಕೇಳುತ್ತಾರೆ: “ಅದು ಈಗ ಎಲ್ಲಿದೆ?”

“ಉಳೀಲಿಲ್ಲ ಅಣ್ಣಾ. ಅವತ್ತು ಸಂಜೇನೇ ಎಲ್ಲಾ ನಿಂತೋಯ್ತು.”

ದುಃಖಪಡಬೇಕೋ ಬೇಡವೋ ಯಾರಿಗೂ ತೋಚುವುದಿಲ್ಲ. ಆತ ಎದೆಯ ಮೇಲೆ ಅಂಗೈಯಿಟ್ಟುಕೊಂಡು ಕೇಳುತ್ತಾರೆ:

“ಅಲ್ಲೀವರ್ಗೂ ನೀವು ಜೊತೇಲಿದ್ರಾ?”

“ಇದ್ದೆ,” ಎನ್ನುತ್ತಾರೆ ಹೃದಯದಕ್ಕ. “ಊಟಕ್ಕೂ ಏಳ್ಲಿಲ್ಲ.”