ಹೊಳೆಯದ ಚುಕ್ಕಿಗಾಗಿ ಬಸ್ಸು ಹತ್ತುವ ಶಶಿಕಲಾ

ಬೀದರಿನಲ್ಲಿ ಬೆಳಗಾಗುತ್ತಿದೆ. ಹಾಲಿನ ಕ್ಯಾನು ಕಟ್ಟಿಕೊಂಡ ಮೋಟಾರ್ ಸೈಕಲ್ಲುಗಳು ಓಣಿ ಹಾಯುತ್ತಿವೆ, ಚಹಾದಂಗಡಿಯವರು ಒಲೆ ಹಚ್ಚುತ್ತಿದ್ದಾರೆ. ಊರೆಲ್ಲ ಬಾಗಿಲು ತೆರೆಯುವ ಈ ಹೊತ್ತಿನಲ್ಲಿ ಶಶಿಕಲಾ ಮಾತ್ರ ಬಾಗಿಲು ಹಾಕಿಕೊಂಡು, ಅದರ ಮೇಲೊಂದು ಕಪ್ಪು ಪರದೆ ಎಳೆದು, ತಮಗೆ ಬೇಕಾದಷ್ಟು ಕತ್ತಲೆ ಮಾಡಿಕೊಳ್ಳುತ್ತಾರೆ. ಅದು ರಕ್ತ ಪರೀಕ್ಷಾ ಕೇಂದ್ರದ ಒಳಕೋಣೆ. ಒಬ್ಬರು ಕೂತರೆ ಇನ್ನೊಬ್ಬರು ನಿಂತೇ ಇರಬೇಕು, ಅಷ್ಟು ಇಕ್ಕಟ್ಟು.

ಮೇಜಿನ ಮೇಲೆ ಬಿಳಿ ಕಾಗದ, ಅದರ ಮೇಲೆ ಒಣಗಿದ ಚುಕ್ಕಿಗಳ ಸಾಲು. ಒಂದೊಂದೂ ಒಂದೊಂದು ಹಸುಗೂಸಿನ ರಕ್ತದ ಹನಿ, ಪರೀಕ್ಷೆಯ ದ್ರಾವಣದಲ್ಲಿ ಬೆರೆಸಿ ಇಟ್ಟದ್ದು. ಶಶಿಕಲಾ ನೇರಳಾತೀತ ದೀಪದ ಗುಂಡಿ ಒತ್ತುತ್ತಾರೆ. ಮೊದಮೊದಲು ಏನೂ ಕಾಣುವುದಿಲ್ಲ. ಕಣ್ಣು ಕತ್ತಲೆಗೆ ಒಗ್ಗುತ್ತಾ ಹೋದಂತೆ ಚುಕ್ಕಿಗಳು ಮೆಲ್ಲಗೆ ತಿಳಿನೀಲಿಗೆ ತಿರುಗುತ್ತವೆ, ಭಾಲ್ಕಿಯದೊಂದು, ಔರಾದದ್ದೊಂದು, ಬೀದರಿನದ್ದು ಮತ್ತೊಂದು. ಇಷ್ಟು ವರ್ಷ ನೋಡಿದರೂ ಈ ಬೆಳಕಿನ ಮುಂದೆ ಕೂತಾಗ ತಾವು ಎಲ್ಲಿದ್ದೇವೆ ಎಂಬುದೇ ಅವರಿಗೆ ಒಂದು ಗಳಿಗೆ ಮರೆತುಹೋಗುತ್ತದೆ.

"ಸಣ್ಣಾಕಿದ್ದಾಗ ಕತ್ತಲಿ ಅಂದ್ರ ಜೀವಾ ಹೋಗ್ತಿತ್ರಿ ನಂದು. ಈಗ ನೋಡ್ರಿ, ಪಗಾರ ಕೊಟ್ಟು ಕತ್ತಲದಾಗ ಕುಂದ್ರಸ್ಯಾರ," ಎಂದು ನಗುತ್ತಾರೆ.

ನಗು ಅರ್ಧಕ್ಕೇ ನಿಲ್ಲುತ್ತದೆ. ಸಾಲಿನ ತುದಿಯ ಚುಕ್ಕಿ ಹೊಳೆಯುತ್ತಿಲ್ಲ. ಕಾಯುತ್ತಾರೆ. ಹೊಸದಾಗಿ ಹನಿ ಹಾಕಿ, ಒಣಗಿಸಿ, ಮತ್ತೆ ನೋಡುತ್ತಾರೆ. ಅದು ಕಪ್ಪಾಗಿಯೇ ಉಳಿಯುತ್ತದೆ. ಕೆಳಗೆ ಪೆನ್ಸಿಲ್ಲಿನಲ್ಲಿ ಬರೆದ ಹೆಸರು: ಪ್ರಣಿತಾ, ಎಕಂಬಾ.

ಹೆಸರು ತಾಯಿಯದು, ರಕ್ತ ಮಗುವಿನದು. ತೊಟ್ಟಿಲಿಗೆ ಹಾಕುವ ತನಕ ಕೂಸಿಗೆ ಹೆಸರೆಲ್ಲಿಯದು? ಹಾಗಾಗಿ ಶೀಶೆಗಳೆಲ್ಲ ತಾಯಂದಿರ ಹೆಸರಿನಲ್ಲೇ ಊರೂರು ಓಡಾಡುತ್ತವೆ. ಯಾರೂ ಎರಡನೇ ಸಲ ಯೋಚಿಸದ ಈ ರೂಢಿ ಮುಂದೆ ಒಂದು ಮನೆಯಲ್ಲಿ ಎಂಥ ಗೊಂದಲ ಎಬ್ಬಿಸೀತೆಂದು ಆ ಬೆಳಿಗ್ಗೆ ಶಶಿಕಲಾ ಅವರಿಗೂ ಹೊಳೆದಿರಲಿಲ್ಲ.

ಕೆಂಪು ರಕ್ತಕಣಗಳೊಳಗೆ ಜಿ-ಸಿಕ್ಸ್-ಪಿಡಿ ಎಂಬ ಕಿಣ್ವವಿರುತ್ತದೆ. ಕಣಗಳು ಹೊತ್ತಿಗೆ ಮುಂಚೆ ಒಡೆಯದಂತೆ ಕಾಯುವುದು ಅದರ ಕೆಲಸ. ಕೆಲವರಿಗೆ ಹುಟ್ಟಿನಿಂದಲೇ ಅದು ಕಡಿಮೆ, ಅವರ ಚುಕ್ಕಿ ಹೊಳೆಯುವುದಿಲ್ಲ. ಅಂಥವರು ಬಹುಮಟ್ಟಿಗೆ ಎಲ್ಲರ ಹಾಗೆಯೇ ಉಂಡುಟ್ಟು ಮುದುಕರಾಗುತ್ತಾರೆ. ಆದರೆ ಕೆಲವು ಮಾತ್ರೆಗಳೋ ಬಟ್ಟೆಯ ನಡುವೆ ಇಡುವ ನುಸಿಗುಳಿಗೆಯ ಘಾಟೋ ತಗುಲಿದರೆ ಕಣಗಳು ಒಡೆದು ಮೈ ಹಳದಿಯಾಗುತ್ತದೆ. ಹಸುಗೂಸಿನಲ್ಲಿ ಆ ಹಳದಿ ಮಿತಿಮೀರಿದರೆ ಮಿದುಳಿಗೇ ಕುತ್ತು. ಯಾರ ಚುಕ್ಕಿ ಹೊಳೆಯಲಿಲ್ಲ ಎಂಬುದು ವೈದ್ಯರಿಗೆ ಬೇಗ ತಿಳಿಯಬೇಕು, ಅದಕ್ಕೇ ಈ ನಸುಕಿನ ಧಾವಂತ.

ಶಶಿಕಲಾ ನೌಬಾದದವರು. ತಂದೆ ಶಿವರಾಜಪ್ಪ ಅವರದು ಕಿರಾಣಿ ಅಂಗಡಿ. ಮಗಳು ಲ್ಯಾಬಿನ ಡಿಪ್ಲೊಮಾ ಓದುತ್ತೇನೆ ಎಂದಾಗ, ಕಂಡವರ ರಕ್ತ ಮುಟ್ಟುವ ಕೆಲಸ ಯಾಕೆ ಎಂದು ಓಣಿಯವರು ಮೂಗು ಮುರಿದರು. ಅಪ್ಪ ಅಡ್ಡಿ ಮಾಡಲಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ದಿನವಿಡೀ ಗಾಜಿನ ನಳಿಕೆ ತೊಳೆದದ್ದೇ ತೊಳೆದದ್ದು. ಈಗ ಕೂದಲಲ್ಲಿ ಬೆಳ್ಳಿ ಇಣುಕಿದೆ, ಕೈ ಮಾತ್ರ ಹಗುರ. ಕೂಸಿನ ಹಿಮ್ಮಡಕ್ಕೆ ಸೂಜಿ ತಾಗಿದ್ದು ಎಷ್ಟೋ ಸಲ ಕೂಸಿಗೇ ತಿಳಿಯುವುದಿಲ್ಲ, ಅಜ್ಜಿಯರಿಗೆ ಮಾತ್ರ ಸರಿಯಾಗಿ ತಿಳಿಯುತ್ತದೆ.

"'ಇಷ್ಟಗಲ ಕೂಸು, ಇದರಾಗ ರಕ್ತಾರ ಎಷ್ಟದ, ಅದನ್ನೂ ತಗೋತಿ' ಅಂತಾರ್ರಿ. ಬೈಸ್ಕೋತೇನಿ. ಬೈದ್ರ ಏನಾಯ್ತು, ಅವರ ಮೊಮ್ಮಗ ಅಲ್ಲೇನು?"

ವಾರದಲ್ಲಿ ಹೆಚ್ಚಿನ ದಿನ ಅವರು ಬಸ್ಸಿನಲ್ಲೇ. ಬೆಳಗಿನ ಪರೀಕ್ಷೆ ಮುಗಿಸಿ, ಕೂಸುಗಳ ರಕ್ತ ತರಲು ಭಾಲ್ಕಿಗೆ, ಇಲ್ಲವೇ ಔರಾದಕ್ಕೆ. ತೊಡೆಯ ಮೇಲೆ ಐಸು ತುಂಬಿದ ಡಬ್ಬಿ. ಬಿಸಿಲಿಗೆ ರಕ್ತ ಕಾದರೆ ಕಿಣ್ವ ಸಾಯುತ್ತದೆ, ಆಗ ಚೆನ್ನಾಗಿರುವ ಕೂಸಿನ ಚುಕ್ಕಿಯೂ ಹೊಳೆಯದೆ ಹೋಗುತ್ತದೆ. ಅದಕ್ಕೇ ಕಿಟಕಿ ಪಕ್ಕದ ಸೀಟು ಸಿಕ್ಕರೂ ಬಿಸಿಲು ಬೀಳದ ಕಡೆಗೆ ಸರಿದು ಕೂರುತ್ತಾರೆ. ಪಕ್ಕದವರು ಡಬ್ಬಿ ನೋಡಿ, ಕುಲ್ಫಿ ಹ್ಯಾಂಗ ಕೊಟ್ರಿ ಎಂದು ಕೇಳುವುದುಂಟು. ಖಾಲಿಯಾಗಿದೆ ಎಂದು ಇವರು ಹೇಳುವುದೂ ಉಂಟು. ರಸ್ತೆಯ ಎರಡೂ ಬದಿ ತೊಗರಿ ಹೂಬಿಟ್ಟಿದ್ದರೆ ಆ ಹಳದಿಯನ್ನು ನೋಡುತ್ತಾ, ಯಾವ ಕೂಸಿನ ಕಣ್ಣಿನಲ್ಲಿ ಹಳದಿ ಇಳಿದಿರಬಹುದು ಎಂದುಕೊಳ್ಳುತ್ತಾ, ಅರೆನಿದ್ದೆಯಲ್ಲಿ ಊರು ತಲುಪುತ್ತಾರೆ.

ಪ್ರಣಿತಾಳ ಮಗ ಭಾಲ್ಕಿಯ ಒಂದು ಮಕ್ಕಳ ಆಸ್ಪತ್ರೆಯಲ್ಲಿ ನೀಲಿ ದೀಪದ ಕೆಳಗೆ ಮಲಗಿದ್ದವನು. ಹುಟ್ಟಿ ಮನೆಗೆ ಹೋದ ಕೆಲವೇ ದಿನಗಳಲ್ಲಿ ಮೈಯೆಲ್ಲ ಅರಿಸಿನವಾಗಿ ವಾಪಸು ಬಂದಿದ್ದ. ಹಳದಿ ಇಳಿಯಿತು. ಮಕ್ಕಳ ವೈದ್ಯೆ ನಾಹೀದ ಏನು ಕೊಡಬಾರದು, ಏನು ಸೋಕಿಸಬಾರದು ಎಂದು ಹೇಳಿ, ವರದಿ ಕೈಗಿತ್ತು ಕಳಿಸಿದರು. ಮಗು ಉಳಿದ ಸಂತೋಷದಲ್ಲಿ ಮನೆಯವರು ಹೂಂ ಹೂಂ ಎಂದರು. ಆ ಸಡಗರದಲ್ಲಿ ಎಷ್ಟು ಕಿವಿಗೆ ಬಿತ್ತೋ ಯಾರಿಗೆ ಗೊತ್ತು.

ಕೆಲವು ದಿನಗಳ ಮೇಲೆ ಶಶಿಕಲಾ ಔರಾದದಲ್ಲಿರುವಾಗ ನಾಹೀದ ಅವರ ಫೋನು. ಎಕಂಬಾದಲ್ಲಿ ಅತ್ತೆ ಕೂಸನ್ನು ತಾಯಿಯಿಂದ ಬೇರೆ ಮಾಡಿ ಬಾಟಲಿ ಹಾಲು ಕುಡಿಸುತ್ತಿದ್ದಾರೆ. ನಾಳೆ ಬೆಳಿಗ್ಗೆ ಪ್ರಣಿತಾಳನ್ನು ಒಬ್ಬಳನ್ನೇ ತವರಿಗೆ ಕಳಿಸುವವರಿದ್ದಾರೆ. ಹುಡುಗಿ ಅಳುತ್ತಾ ಫೋನು ಮಾಡಿದ್ದಾಳೆ. ವಾರ್ಡು ತುಂಬಿದೆ, ತಾನು ಬಿಟ್ಟು ಬರುವ ಹಾಗಿಲ್ಲ, ನೀವೊಮ್ಮೆ ಹೋಗಿಬರುತ್ತೀರಾ ಎಂದು ವೈದ್ಯೆ ಕೇಳುತ್ತಾರೆ.

ಎಕಂಬಾದ ಆ ಮನೆಯ ಪಡಸಾಲೆಯಲ್ಲಿ ಎಲ್ಲರೂ ಇದ್ದಾರೆ. ಪ್ರಣಿತಾ ಗೋಡೆಗೆ ಒರಗಿ ಕೂತಿದ್ದಾಳೆ, ಎದೆಹಾಲು ಕಟ್ಟಿ ರವಿಕೆ ತೊಯ್ದಿದೆ. ಅತ್ತೆ ಅಂಜನಾಬಾಯಿ ಕೂಸನ್ನು ಕೌದಿಯಲ್ಲಿ ಸುತ್ತಿ ಅವಚಿಕೊಂಡಿದ್ದಾರೆ. ಪ್ರಣಿತಾಳ ಗಂಡ ನರಸಿಂಗ, ಔರಾದದ ಶಾಲೆಯೊಂದರಲ್ಲಿ ಗುಮಾಸ್ತ, ವರದಿ ತಂದು ಮುಂದೆ ಹಿಡಿಯುತ್ತಾನೆ.

"ಓದ್ರಿ ಅಕ್ಕೋರ. ಪ್ರಣಿತಾ ಅಂತ ಅದ, ಕೊರತಿ ಅಂತ ಅದ. ಬ್ಯಾನಿ ಆಕಿದು. ಹಾಲಿನಾಗ ಕೂಸಿಗಿ ಹೊಂಟದ."

"ಹೆಸರು ಆಕಿದು, ರಕ್ತ ಕೂಸಿಂದು," ಎನ್ನುತ್ತಾರೆ ಶಶಿಕಲಾ. "ಹಿಮ್ಮಡಕ್ಕ ಸೂಜಿ ಹಾಕಿದಾಕಿನೇ ನಾನು. ಹೆಸರಿಲ್ಲದ ಕೂಸಿನ ಶೀಶಿ ಮ್ಯಾಲ ಮತ್ತ ಯಾರ ಹೆಸರು ಬರೀಲಿ?"

ನರಸಿಂಗನ ಮುಖ ಸಡಿಲವಾಗುತ್ತದೆ. ಆದರೆ ಅಂಜನಾಬಾಯಿ ಅಷ್ಟಕ್ಕೆ ಬಿಡುವವರಲ್ಲ. "ಹಾಂಗಾದ್ರ ಕೂಸಿಗಿ ಎಲ್ಲಿಂದ ಬಂತವಾ? ನಮ್ಮ ವಂಶದಾಗಂತೂ ಇಲ್ಲ."

ಇಲ್ಲಿ ಒಂದು ಸುಳ್ಳು ಹೇಳಿದ್ದರೆ ಮಾತು ಮುಗಿಯುತ್ತಿತ್ತು. ಶಶಿಕಲಾ ಹೇಳುವುದಿಲ್ಲ. "ಗಂಡು ಕೂಸಿಗಿ ಇದು ತಾಯಿ ಕಡಿಂದನ ಬರ್ತದ ಆಯಿ. ಕಣ್ಣು, ಮೂಗು ಬಂದಂಗ ಬರ್ತದ. ಬೇಕಂತ ಯಾರೂ ಕೊಡಂಗಿಲ್ಲ. ಹಾಲಿಂದ ಬಂದಿಲ್ಲ, ಹಾಲು ಬಿಡಸಿದ್ರ ಹೋಗಂಗೂ ಇಲ್ಲ."

"ಅಂದಮ್ಯಾಲ ನಾ ಅಂದಿದ್ದೇ ಖರೇ ಆಯ್ತಲ್ಲ," ಎಂದು ಅಂಜನಾಬಾಯಿ ಕೂಸನ್ನು ಇನ್ನಷ್ಟು ಒತ್ತಿ ಹಿಡಿಯುತ್ತಾರೆ. ಪ್ರಣಿತಾ ತಲೆ ಎತ್ತುವುದಿಲ್ಲ.

ಆಗ ಕೌದಿಯ ಒಂದು ಮಡಿಕೆ ಬಿಚ್ಚಿಕೊಳ್ಳುತ್ತದೆ. ನುಸಿಗುಳಿಗೆಯ ಘಾಟು ಶಶಿಕಲಾ ಅವರ ಮೂಗಿಗೆ ಬಡಿಯುತ್ತದೆ. ಆ ಒಂದು ಮಾತನ್ನು ಅಲ್ಲೇ, ಎಲ್ಲರೆದುರು ಆಡಿದ್ದರೆ ಸೊಸೆಯ ಮೇಲಿನ ಅಪವಾದ ನಿಂತ ಕಾಲಿನಲ್ಲೇ ಅತ್ತೆಯ ತಲೆಗೆ ಏರುತ್ತಿತ್ತು. ಆ ಮಾತು ತಮ್ಮ ನಾಲಿಗೆಯ ತುದಿಗೆ ಬಂದಿತ್ತು ಎಂದು ಅವರೇ ಒಪ್ಪುತ್ತಾರೆ. ನುಂಗಿಕೊಂಡು, "ಆಯಿ, ಕೂಸಿನ ಬಣ್ಣ ಬೆಳಕಿನಾಗ ನೋಡಬೇಕು, ಹಿತ್ತಲಕ್ಕ ಬರ್ರಿ," ಎಂದು ಮುದುಕಿಯನ್ನು ಕರೆದುಕೊಂಡು ಹೋಗುತ್ತಾರೆ.

ಹಿತ್ತಲಲ್ಲಿ ಬೇವಿನ ನೆರಳು, ಎಲ್ಲೋ ಬೆಳವನ ಹಕ್ಕಿಯ ಗುಟುರು. ಮಧ್ಯಾಹ್ನ ಅಲ್ಲೇ ತೂಕಡಿಸಿ ನಿಂತ ಹಾಗಿದೆ. ಕೌದಿ ಎಲ್ಲಿತ್ತು ಎಂದು ಶಶಿಕಲಾ ಕೇಳುತ್ತಾರೆ.

"ಸಂದೂಕದಾಗ. ನನ್ನ ಅವ್ವನ ಸೀರಿ ಹರದು ಹೊಲದಿದ್ದು. ಹುಳಾ ಹತ್ತಬಾರದಂತ ಡಾಂಬರ ಗೋಳಿ ಹಾಕಿಟ್ಟಿದ್ದೆ. ಹೊಸಾ ಅರಬಿ ಕೂಸಿಗಿ ಹಾಕಬಾರದಲ್ಲ, ಹಿರೇರದೇ ಸುತ್ತಬೇಕು. ಹುಟ್ಟಿ ಮನೀಗಿ ಬಂದ ದಿನದಿಂದ ಇದರಾಗೇ ಸುತ್ತೀನಿ. ನರಸಿಂಗನೂ ಇದರಾಗೇ ಬೆಳದಾನ."

"ಅವರಿಗಿ ತಡೀತು ಆಯಿ. ಈ ಕೂಸಿನ ರಕ್ತಕ್ಕ ಆ ಗೋಳಿ ವಾಸನಿ ತಡಿಯಂಗಿಲ್ಲ. ನಿಮಗ ಗೊತ್ತಿದ್ದಿಲ್ಲ, ತಪ್ಪು ನಿಮ್ದಲ್ಲ. ನಿಮಗೊಬ್ಬರಿಗೇ ಹೇಳೀನಿ. ಒಳಗ ಹೇಳೋದು, ಬಿಡೋದು ನಿಮ್ಮ ಕೈಯಾಗ ಅದ."

ಅಂಜನಾಬಾಯಿ ಕೌದಿಯನ್ನು ಕೂಸಿನ ಮೈಯಿಂದ ಸುಲಿದು ದೂರ ಎಸೆದು, ತಾವು ಉಟ್ಟ ಸೀರೆಯ ಸೆರಗಿನಲ್ಲೇ ಕೂಸನ್ನು ಸುತ್ತಿಕೊಳ್ಳುತ್ತಾರೆ. ಒಳಗೆ ಹೋಗುವಾಗ ಹೊಸ್ತಿಲಲ್ಲಿ ಅವರ ಕಾಲು ತಡೆಯುತ್ತದೆ. ಶಶಿಕಲಾ ಹಿಂದೆಯೇ ಇದ್ದಾರೆ, ಹೇಳುವುದನ್ನು ಅವರಿಗೇ ಬಿಟ್ಟು ತಾವು ಮುಂದಾಗುವುದಿಲ್ಲ.

"ನರಸಿಂಗಾ, ಕೂಸು ಹಳದಿ ಆಗಿದ್ದು ನನ್ನ ಕೌದಿಂದ," ಎನ್ನುತ್ತಾರೆ ಅಂಜನಾಬಾಯಿ. "ಗೋಳಿ ಇಟ್ಟಾಕಿ ನಾನು, ಸುತ್ತಿದಾಕಿ ನಾನು, ಬೈದಿದ್ದು ಆಕಿಗಿ." ಆಮೇಲೆ ಕೂಸನ್ನು ಪ್ರಣಿತಾಳ ಮಡಿಲಿಗೆ ಇಟ್ಟು ಪಕ್ಕದಲ್ಲೇ ಕುಸಿದು ಕೂರುತ್ತಾರೆ. "ಕುಡಸವಾ. ಹಸದದ ಅದು."

ಪ್ರಣಿತಾ ಸೆರಗು ಸರಿಸಿ ಮಗುವನ್ನು ಎದೆಗೆ ಹಚ್ಚಿಕೊಳ್ಳುತ್ತಾಳೆ. ಸ್ವಲ್ಪ ಹೊತ್ತಿನ ಮೇಲೆ ಒಂದು ಕೈ ಚಾಚಿ ಅತ್ತೆಯ ಮೊಣಕಾಲಿನ ಮೇಲೆ ಇಡುತ್ತಾಳೆ. ಮರುದಿನ ತವರಿಗೆ ಯಾರೂ ಹೊರಡಲಿಲ್ಲ.

ಈಗ ಎಕಂಬಾದಲ್ಲಿ ಯಾರ ಮನೆಯಲ್ಲಿ ಹೆರಿಗೆಯಾದರೂ ಅಂಜನಾಬಾಯಿ ಕರೆಯದೆಯೇ ಹಾಜರು. ಸೀದಾ ಒಳಗೆ ಹೋಗಿ ಸಂದೂಕ ತೆರೆಸಿ ಮೂಗು ಹಚ್ಚುತ್ತಾರೆ. ಮುದುಕಿಗೆ ತಲೆ ಕೆಟ್ಟಿದೆ ಎನ್ನುವವರೂ ಇದ್ದಾರೆ. ಅವರು ಅದಕ್ಕೆಲ್ಲ ಸೊಪ್ಪು ಹಾಕುವುದಿಲ್ಲ. ನಾನು ಹೀಗೆ ಮಾಡಿ ಮೊಮ್ಮಗನನ್ನು ಕಳೆದುಕೊಳ್ಳುತ್ತಿದ್ದೆ ಎಂದು ತಮ್ಮ ಕಥೆಯನ್ನು ತಾವೇ ಹೇಳುತ್ತಾರೆ, ಪ್ರತಿ ಮನೆಯಲ್ಲೂ, ಮೊದಲಿನಿಂದ ಕೊನೆಯವರೆಗೆ.

ನಿಮಗೇನು ಬೇಕು ಎಂದು ಕೇಳಿದರೆ ಶಶಿಕಲಾ ಐಸಿನ ಡಬ್ಬಿಯ ಮುಚ್ಚಳ ಬಿಗಿ ಮಾಡುತ್ತಾ ಯೋಚಿಸುತ್ತಾರೆ. "ಊರಿಗೊಬ್ಬಾಕಿ ಅಂಥಾ ಆಯಿ ಬೇಕ್ರಿ. ನಾ ಹೇಳಿದ್ರ ಲ್ಯಾಬಿನಾಕಿ ಹೇಳಿದ್ಲು ಅಂತಾರ, ಮರೀತಾರ. ಆಕಿ ಹೇಳಿದ್ರ ಹಾಂಗಲ್ಲ. ಆಕಿ ತನ್ನ ತಪ್ಪು ತಾನೇ ಹೇಳ್ತಾಳ್ರಿ, ಕೇಳಿದವರಿಗಿ ನಿದ್ದಿ ಬರಂಗಿಲ್ಲ."